ಒಂಟಾರಿಯೊದ ಬಾಡಿಗೆ ಮನೆಯಲ್ಲಿ ಹುಲ್ಲು ಯಾರ ಪಾಲು, ಹಿಮ ಯಾರ ಪಾಲು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ ನೀವು ನೋಡಿರುವ ಬೇಸ್‌ಮೆಂಟ್ (ನೆಲಮಾಳಿಗೆ) ಮನೆಯ ಮಾಲೀಕರು ಲೀಸಿನ, ಅಂದರೆ ಬಾಡಿಗೆ ಕರಾರಿನ, ಜೊತೆಗೆ ಒಂದು ಹೆಚ್ಚುವರಿ ಹಾಳೆಯನ್ನು ಲಗತ್ತಿಸಿದ್ದಾರೆ. ಬೇಸಿಗೆಯಲ್ಲಿ ಹಿತ್ತಿಲ ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಡ್ರೈವ್‌ವೇ ಮತ್ತು ಮೆಟ್ಟಿಲುಗಳ ಹಿಮ ತೆಗೆಯುವುದು, 150 ಡಾಲರಿನೊಳಗಿನ ಎಲ್ಲ ದುರಸ್ತಿ, ಇವೆಲ್ಲ ಬಾಡಿಗೆದಾರರದೇ ಎಂದು ಅದರಲ್ಲಿದೆ. ಇಲ್ಲಿನ ಪದ್ಧತಿಯೇ ಹೀಗೆಯೇ, ಸಹಿ ಹಾಕಬಹುದೇ ಎಂದು ಕೇಳಿದ್ದೀರಿ. ಇಂಥ ಹಾಳೆಗಳು ಇಲ್ಲಿ ಸಾಮಾನ್ಯ, ಅದು ನಿಜ. ಆದರೆ ಅದರಲ್ಲಿರುವ ಬಹುಪಾಲು ಷರತ್ತುಗಳಿಗೆ ಕಾನೂನಿನ ಬಲವಿಲ್ಲ.

ಒಂಟಾರಿಯೊದಲ್ಲಿ ಬಹುಪಾಲು ಮನೆ ಬಾಡಿಗೆ ವ್ಯವಹಾರವನ್ನು ನಿಯಂತ್ರಿಸುವುದು 2006ರ ರೆಸಿಡೆನ್ಶಿಯಲ್ ಟೆನೆನ್ಸೀಸ್ ಆ್ಯಕ್ಟ್. ಮನೆಯನ್ನೂ ಅದು ಇರುವ ಇಡೀ ಆವರಣವನ್ನೂ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಇದರ 20ನೇ ಸೆಕ್ಷನ್ ಮಾಲೀಕರ ಮೇಲೆ ಹೊರಿಸುತ್ತದೆ. ಬಾಡಿಗೆದಾರರು ಒಳಗೆ ಬರುವ ಮೊದಲೇ ಕೊರತೆಯನ್ನು ಕಣ್ಣಾರೆ ಕಂಡು ಒಪ್ಪಿದ್ದರೂ ಆ ಹೊಣೆ ತಪ್ಪುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ‘ನೋಡಿಕೊಂಡೇ ಬಂದಿರಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬಾಡಿಗೆದಾರರ ಪಾಲಿಗೆ ಬರುವುದು ಎರಡು: 33ನೇ ಸೆಕ್ಷನ್ ಪ್ರಕಾರ ತಾವು ವಾಸಿಸುವ ಭಾಗದ ಸಾಮಾನ್ಯ ಶುಚಿತ್ವ, 34ರ ಪ್ರಕಾರ ತಾವಾಗಲಿ ತಮ್ಮ ಅತಿಥಿಗಳಾಗಲಿ ಬೇಕೆಂದೇ ಅಥವಾ ಅಜಾಗರೂಕತೆಯಿಂದ ಮಾಡಿದ ಹಾನಿಯ ದುರಸ್ತಿ. ಮಗು ಚೆಂಡೆಸೆದು ಕಿಟಕಿಯ ಗಾಜು ಒಡೆದರೆ ಖರ್ಚು ನಿಮ್ಮದು. ಹಳೆಯ ನಲ್ಲಿ ತಾನಾಗಿ ಸೋರತೊಡಗಿದರೆ ಅದು 20 ಡಾಲರಿನ ಕೆಲಸವಾದರೂ ಮಾಲೀಕರದು. ಕಾಯ್ದೆಗೆ ವಿರುದ್ಧವಾದ ಯಾವುದೇ ಕರಾರು ಅನೂರ್ಜಿತ ಎಂದು 4ನೇ ಸೆಕ್ಷನ್ ಹೇಳುವುದರಿಂದ, ನಿಮ್ಮ 150 ಡಾಲರಿನ ಷರತ್ತು ಸಹಿಯಾದ ಮೇಲೂ ನಿಲ್ಲುವುದಿಲ್ಲ. 2018ರ ಏಪ್ರಿಲ್ 30ರಿಂದ ಬಹುತೇಕ ಮನೆಗಳಿಗೆ ಸರ್ಕಾರದ ಪ್ರಮಾಣಿತ ಲೀಸ್ ನಮೂನೆ ಕಡ್ಡಾಯವಾಗಿದೆ. ದುರಸ್ತಿಯ ಈ ಹಂಚಿಕೆ ಅದರಲ್ಲೇ ಅಚ್ಚಾಗಿದೆ. ಹೆಚ್ಚುವರಿ ಹಾಳೆಯನ್ನು ಓದುವ ಮೊದಲು ಅದನ್ನು ಓದಿರಿ.

ಹುಲ್ಲು ಮತ್ತು ಹಿಮದ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಬೇಸ್‌ಮೆಂಟಿನ ಬಾಡಿಗೆದಾರರೊಬ್ಬರು ಬಾಗಿಲಿಗೆ ಹೋಗುವ ದಾರಿಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ದಾವೆ ಹೂಡಿದಾಗ, ಆ ದಾರಿಯ ಹಿಮ ತೆಗೆಯುವುದು ಬಾಡಿಗೆದಾರರದೇ ಕೆಲಸ ಎಂಬ ಲೀಸಿನ ಸಾಲನ್ನು ಮಾಲೀಕರು ಮುಂದಿಟ್ಟರು. 2009ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಆ ಸಾಲು ಅನೂರ್ಜಿತವೆಂದಿತು. ತೀರ್ಪು ಬಂದದ್ದು ಹಿಂದಿನ ಕಾಯ್ದೆಯಡಿಯಲ್ಲಾದರೂ ಅದರ ತತ್ತ್ವವನ್ನು ಈಗಲೂ ಅನುಸರಿಸುತ್ತಾರೆ. ಬಾಡಿಗೆದಾರರು ಆ ಕೆಲಸವನ್ನು ಮಾಡಲೇಕೂಡದು ಎಂದೇನೂ ನ್ಯಾಯಾಲಯ ಹೇಳಲಿಲ್ಲ. ಮಾಡುವುದಾದರೆ ಅದು ಲೀಸಿನಿಂದ ಬೇರ್ಪಡಿಸಬಹುದಾದ, ತನ್ನದೇ ಪ್ರತಿಫಲವಿರುವ ಸೇವಾ ಒಪ್ಪಂದವಾಗಿರಬೇಕು ಎಂದಿತು. ಅಂದರೆ ನಾಳೆ ನೀವು ಸಲಿಕೆ ಕೆಳಗಿಟ್ಟರೆ ಹೋಗುವುದು ಆ ಹಣ ಮಾತ್ರ, ಮನೆಯಲ್ಲ.

ಅರ್ಧ ಗಂಟೆಯ ಸಲಿಕೆ ಕೆಲಸಕ್ಕೆ ಇಷ್ಟೆಲ್ಲ ಏಕೆ ಎಂದು ನಿಮಗನ್ನಿಸಬಹುದು. ಚಳಿಗಾಲ ನೋಡದವರಿಗೆ ಹಾಗನ್ನಿಸುವುದು ಸಹಜವೇ. ಆರು ಅಂಗುಲ ಹೊಸ ಹಿಮ ಬಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವುದು ಕಷ್ಟವಲ್ಲ. ಆದರೆ ರಸ್ತೆ ಸ್ವಚ್ಛ ಮಾಡುವ ನಗರಸಭೆಯ ವಾಹನ ಡ್ರೈವ್‌ವೇ ಬಾಯಿಗೆ ದೂಡಿ ಹೋಗುವ ಗುಡ್ಡೆ ಒದ್ದೆಯಾಗಿ, ಭಾರವಾಗಿ, ಎರಡು ತಾಸಿನಲ್ಲಿ ಗಟ್ಟಿಯಾಗುತ್ತದೆ, ಅದೂ ನೀವು ಆಫೀಸಿಗೆ ಹೊರಡುವ ಹೊತ್ತಿಗೆ. ಬೇಸ್‌ಮೆಂಟಿಗೆ ಇಳಿಯುವ ಹೊರಗಿನ ಮೆಟ್ಟಿಲುಗಳದು ಇನ್ನೂ ಕೆಟ್ಟ ಕಥೆ: ಹಗಲಿನ ಬಿಸಿಲಿಗೆ ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕಿ ಮೆಟ್ಟಿಲ ಮೇಲೆ ನಿಲ್ಲುತ್ತದೆ, ಸಂಜೆ ಐದರ ಕತ್ತಲಿಗೆ ಅದು ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ, ತಾಪಮಾನ ಮೈನಸ್ 15ಕ್ಕೆ ಇಳಿದರೆ ಮಾಮೂಲಿ ಕಲ್ಲುಪ್ಪು ಹೆಚ್ಚೇನೂ ಕರಗಿಸುವುದಿಲ್ಲ. ಅಲ್ಲಿ ಅಂಚೆಯವನೋ ಮಾಲೀಕರ ತಾಯಿಯೋ ಜಾರಿ ಬಿದ್ದರೆ ‘ಇದು ಯಾರ ಕೆಲಸವಾಗಿತ್ತು’ ಎಂಬ ಪ್ರಶ್ನೆ ವಕೀಲರ ಪತ್ರದ ರೂಪದಲ್ಲಿ ಬರುತ್ತದೆ. ನೀವು ಒಪ್ಪಿಕೊಳ್ಳುವುದು ಸಲಿಕೆಯ ಶ್ರಮವನ್ನಷ್ಟೇ ಅಲ್ಲ, ಈ ಹೊಣೆಯ ಒಂದು ಭಾಗವನ್ನೂ. ಬೀಳುವವರು ನೀವೇ ಆಗಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ: 2021ರ ಜನವರಿ 29ರಿಂದ, ಖಾಸಗಿ ಜಾಗದ ಹಿಮ ಅಥವಾ ಮಂಜುಗಡ್ಡೆಯಿಂದಾದ ಗಾಯಕ್ಕೆ ಪರಿಹಾರ ಕೇಳುವವರು ಸಾಮಾನ್ಯವಾಗಿ 60 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು.

ಹುಲ್ಲಿನಲ್ಲಿ ಅಪಾಯ ಕಡಿಮೆ, ಮನಸ್ತಾಪ ಹೆಚ್ಚು. ಮೇ ತಿಂಗಳಲ್ಲಿ ಮಳೆ ಬಂದರೆ ನೋಡನೋಡುತ್ತಲೇ ಎತ್ತರ ಬೆಳೆಯುತ್ತದೆ, ನೆರೆಯವರು ದೂರು ಕೊಡುತ್ತಾರೆ. ಟೊರೊಂಟೊದಲ್ಲಿ ಹುಲ್ಲು 20 ಸೆಂಟಿಮೀಟರ್ ಮೀರಬಾರದೆಂಬ ನಿಯಮವಿದೆ. ಬ್ರಾಂಪ್ಟನ್, ಮಿಸಿಸಾಗಾಗಳಿಗೆ ಅವುಗಳದೇ ಉಪನಿಯಮಗಳಿವೆ. ಇಡೀ ಮನೆಯನ್ನೇ ಬಾಡಿಗೆಗೆ ಪಡೆದು ಹಿತ್ತಿಲನ್ನು ನೀವೊಬ್ಬರೇ ಬಳಸುವುದಾದರೆ, ‘ಇದು ಎಲ್ಲರೂ ಬಳಸುವ ಜಾಗವಲ್ಲವಲ್ಲ’ ಎಂದು ಮಾಲೀಕರು ವಾದಿಸಬಹುದು, ಅಲ್ಲಿ ಜಗಳಕ್ಕೆ ಎಡೆಯೂ ಹೆಚ್ಚು. ನಿಮ್ಮದು ಬೇಸ್‌ಮೆಂಟ್ ಮಾತ್ರ. ಮೇಲಿನವರ ಮಕ್ಕಳು ಆಡುವ ಹಿತ್ತಿಲಿನ ಹುಲ್ಲನ್ನು ನೀವು ಪುಕ್ಕಟೆಯಾಗಿ ಕತ್ತರಿಸಬೇಕೆನ್ನುವುದು ನನ್ನ ದೃಷ್ಟಿಯಲ್ಲಿ ನ್ಯಾಯವೂ ಅಲ್ಲ. ಅಲ್ಲೊಂದು ಪಾತಿ ಮಾಡಿ ಕೊತ್ತಂಬರಿ ಬೆಳೆಯಲು ಅನುಮತಿ ಕೇಳಿದಿರೋ, ಆ ಪಾತಿಯ ಕಳೆ ಮಾತ್ರ ನಿಮ್ಮದೇ.

ನಿಮಗೆ ಮನೆ ಇಷ್ಟವಾಗಿದೆ, ಬಾಡಿಗೆಯೂ ಹೊಂದುತ್ತದೆ ಎಂದಿದ್ದೀರಿ. ಹಾಗಿದ್ದರೆ ಕಾಯ್ದೆಯ ಸೆಕ್ಷನ್‌ಗಳನ್ನು ಮುಂದಿಟ್ಟು ಮಾತು ಆರಂಭಿಸಬೇಡಿ. ‘ಹಿಮ ತೆಗೆಯಲು ನನ್ನ ಅಭ್ಯಂತರವಿಲ್ಲ, ಅದನ್ನು ಲೀಸಿನಿಂದ ಬೇರೆಯಾಗಿ ಒಂದು ಪುಟದಲ್ಲಿ ಬರೆದುಕೊಳ್ಳೋಣ’ ಎನ್ನಿ. ಆ ಪುಟದಲ್ಲಿ ತಿಂಗಳಿಗೆ ಎಷ್ಟು ಡಾಲರ್, ಯಾವ ಜಾಗ, ಎಷ್ಟು ಹೊತ್ತಿಗೆ ಮುಗಿಯಬೇಕು, ಸಲಿಕೆ, ಉಪ್ಪು, ಹುಲ್ಲು ಕತ್ತರಿಸುವ ಮೋವರ್ ಯಾರು ಕೊಡುತ್ತಾರೆ, ನೀವು ಮೂರು ವಾರ ಊರಿಗೆ ಹೋದಾಗ ಯಾರು ಮಾಡುತ್ತಾರೆ, ಒಪ್ಪಂದ ನಿಲ್ಲಿಸಲು ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಇರಲಿ. ಬಾಡಿಗೆಯಲ್ಲೇ ಕಡಿಮೆ ಮಾಡಿದ್ದೇವೆ ಎಂದು ಅವರು ಹೇಳಿದರೆ, ಆ ಮೊತ್ತವನ್ನೇ ಅಂಕಿಯಲ್ಲಿ ಬರೆಯಲು ಕೇಳಿ. ಮಾಲೀಕರು ನಮ್ಮ ಕಡೆಯವರೇ ಎಂಬ ದಾಕ್ಷಿಣ್ಯಕ್ಕೆ ಬಾಯಿಮಾತಿನಲ್ಲಿ ಬಿಟ್ಟವರೇ ಮಾರ್ಚ್ ಹೊತ್ತಿಗೆ ಮಾತು ಬಿಟ್ಟಿರುವುದನ್ನು ಇಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಆ ಹಾಳೆಯಲ್ಲಿ ಹಾನಿಗೆಂದು ಮುಂಗಡ ಠೇವಣಿಯನ್ನೂ ಕೇಳಿದ್ದರೆ ಅದೂ ಸಲ್ಲದು. ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯಬಹುದು, ಹಾನಿಯ ಠೇವಣಿ ಪಡೆಯುವಂತಿಲ್ಲ.

ಮುಂದೆ ದುರಸ್ತಿ ಬಿದ್ದಾಗ ಫೋನಿನಲ್ಲಿ ಹೇಳಿದರೂ ಮತ್ತೆ ಇಮೇಲಿನಲ್ಲಿ ಫೋಟೊ ಸಹಿತ ಬರೆಯಿರಿ. ಅವರು ದುರಸ್ತಿಗೆ ಒಳಗೆ ಬರಬೇಕಾದರೆ, ತುರ್ತು ಸಂದರ್ಭ ಬಿಟ್ಟು, 24 ಗಂಟೆ ಮೊದಲು ಲಿಖಿತವಾಗಿ ತಿಳಿಸಿ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಬರಬೇಕು. ವಾರಗಟ್ಟಲೆ ಉತ್ತರವಿಲ್ಲದಿದ್ದರೆ ನಗರಸಭೆಯ ಉಪನಿಯಮ ವಿಭಾಗಕ್ಕೆ ದೂರು ಕೊಡಬಹುದು, ಅಥವಾ ಮಾಲೀಕರು-ಬಾಡಿಗೆದಾರರ ವ್ಯಾಜ್ಯ ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡಿಗೆ, ದುರಸ್ತಿ ಮಾಡದ ಮಾಲೀಕರ ವಿರುದ್ಧದ ಟಿ6 ಅರ್ಜಿಯನ್ನು ಒಂದು ವರ್ಷದೊಳಗೆ ಸಲ್ಲಿಸಬಹುದು. ಸಿಟ್ಟಿನಲ್ಲಿ ಬಾಡಿಗೆಯನ್ನು ಮಾತ್ರ ತಡೆಹಿಡಿಯಬೇಡಿ. ನ್ಯಾಯ ನಿಮ್ಮ ಕಡೆಗಿದ್ದರೂ ಬಾಡಿಗೆ ಬಾಕಿಯ ನೋಟಿಸು ನಿಮಗೇ ಬರುತ್ತದೆ, ಆಮೇಲೆ ಹಿಮದ ವಿಚಾರ ಹಿಂದಕ್ಕೆ ಸರಿದು ಬಾಕಿಯ ವಿಚಾರವೇ ದೊಡ್ಡದಾಗುತ್ತದೆ.

ಸಹಿ ಹಾಕುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ನಿಮ್ಮ ಬೇಸ್‌ಮೆಂಟಿಗೆ ಸ್ವಂತ ಅಡುಗೆಮನೆಯೂ ಬಚ್ಚಲುಮನೆಯೂ ಇವೆಯೇ ಎಂಬುದನ್ನು ನೀವು ತಿಳಿಸಿಲ್ಲ. ಅದೇ ಮನೆಯಲ್ಲಿ ವಾಸಿಸುವ ಮಾಲೀಕರ ಜೊತೆ ಇವೆರಡರಲ್ಲಿ ಒಂದನ್ನಾದರೂ ಹಂಚಿಕೊಳ್ಳಬೇಕಾಗಿದ್ದರೆ ಈ ಕಾಯ್ದೆಯೇ ನಿಮಗೆ ಅನ್ವಯವಾಗುವುದಿಲ್ಲ, ಬೋರ್ಡಿಗೂ ಹೋಗಲಾಗುವುದಿಲ್ಲ. ಆಗ ಆ ಹೆಚ್ಚುವರಿ ಹಾಳೆಯ ಪ್ರತಿ ಸಾಲಿಗೂ ತೂಕವಿರುವುದರಿಂದ, ಒಪ್ಪದ ಸಾಲುಗಳನ್ನು ಮಾಲೀಕರೆದುರಿಗೇ ಹೊಡೆದುಹಾಕಿಸಿ ಇಬ್ಬರೂ ಪಕ್ಕದಲ್ಲಿ ಕಿರುಸಹಿ ಮಾಡಿದ ನಂತರವೇ ಮುಂಗಡ ಕೊಡಿರಿ.