ಸಂಪಾದಕರ ಉತ್ತರ: ಸಹಿ ಆಕೆಯದು, ಓದಿ ಹೇಳುವವರು ಯಾರು?

ಮಾನ್ಯ ಗುರುಗಳೇ, ಶರಣು.

ಸುರಪುರ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಗ್ರಾಮ ಪಂಚಾಯಿತಿ ಅಧ್ಯಕ್ಷೆಯರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಒಪ್ಪಿಗೆಯಾಗಿಲ್ಲ. ಮೀಸಲಾತಿಯಿಂದ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಮೊಹರು ಮಾತ್ರ, ಕಾರುಬಾರೆಲ್ಲ ಗಂಡಂದಿರದೇ ಎನ್ನುತ್ತೀರಿ. ಸ್ತ್ರೀವಾದವು ಕಲಬುರಗಿಯ ಜಗತ್ ವೃತ್ತದಲ್ಲಿ ಫಲಕ ಹಿಡಿದು ನಿಲ್ಲುವವರ ಮಾತು, ಹಳ್ಳಿಯ ಅಂಗಳಕ್ಕೆ ಅದು ಬಂದದ್ದನ್ನು ಕಾಣೆ ಎನ್ನುತ್ತೀರಿ. ಮೊದಲು ಓದು ಬರಹ, ಆಮೇಲೆ ಅಧಿಕಾರ ಎಂಬುದು ನಿಮ್ಮ ಮೂರನೆಯ ಮಾತು. ನಾಲ್ಕನೆಯದು ನಮಗೇ ನಾಟುವಂಥದ್ದು: ಲೇಖನದ ಜೊತೆಗಿನ ಚಿತ್ರದಲ್ಲಿ ನಟ್ಟನಡುವೆ ನಿಂತವರು ಅಧ್ಯಕ್ಷೆಯ ಯಜಮಾನರು, ಆಕೆ ಅಂಚಿನಲ್ಲಿದ್ದಾರೆ, ಅದೂ ಅರ್ಧ.

ಆ ತಪ್ಪು ನಮ್ಮದು. ಅದು ಆದ ಬಗೆಯನ್ನು ಹೇಳಿದರೆ ನಿಮ್ಮ ಮೊದಲ ಮಾತಿಗೂ ಉತ್ತರ ಸಿಕ್ಕೀತು. ನಮ್ಮ ವರದಿಗಾರರ ಮೊಬೈಲಿನಲ್ಲಿ ‘ಅಧ್ಯಕ್ಷರು’ ಎಂಬ ಹೆಸರಿನಲ್ಲಿ ಇದ್ದದ್ದು ಆಕೆಯ ಗಂಡನ ನಂಬರು. ಫೋನು ಎತ್ತಿದವರು ಆತ, ದಿನ ಗೊತ್ತು ಮಾಡಿದವರು ಆತ, ಚಹಾ ತರಿಸಿ ಚಿತ್ರಕ್ಕೆ ನಿಂತವರೂ ಆತ. ಪುಟ ಕಟ್ಟುವಾಗ ಜಾಗ ಸಾಲದೆ ಒಂದು ಬದಿ ಕತ್ತರಿಸಿದವರು ನಾವು. ಗಂಡನ ಕಾರುಬಾರು ಎಂದು ನೀವು ಕರೆಯುವುದನ್ನು ಗಂಡನೊಬ್ಬನೇ ನಡೆಸುವುದಿಲ್ಲ. ಆತನನ್ನೇ ‘ಸಾಹೇಬ್ರ’ ಎನ್ನುವ ಸಿಬ್ಬಂದಿ, ಬಿಲ್ಲು ಹಿಡಿದು ಆತನ ಮನೆಗೇ ಹೋಗುವ ಗುತ್ತಿಗೆದಾರ, ಆತನ ನಂಬರನ್ನೇ ಬರೆದಿಟ್ಟುಕೊಳ್ಳುವ ಪತ್ರಿಕೆಯವರು, ಎಲ್ಲರೂ ಸೇರಿ ನಡೆಸುತ್ತೇವೆ. ಪಂಚಾಯಿತಿ ಗೋಡೆಯ ಫಲಕದಲ್ಲೂ ನಮ್ಮ ಕಡೆಯ ರೂಢಿಯಂತೆ ಮೊದಲು ಆಕೆಯ ಹೆಸರು, ನಡುವೆ ‘ಗಂಡ’ ಎಂಬ ಪದ, ಆಮೇಲೆ ಆತನ ಹೆಸರು. ಕುರ್ಚಿಯಲ್ಲಿ ಕೂತವಳೇ ಅಸಮರ್ಥಳು ಎಂದು ತೀರ್ಪು ಕೊಡುವುದು ಸುಲಭ. ಆಕೆ ಕೂರುವ ಮೊದಲೇ ಆ ಕುರ್ಚಿಯ ಮೇಲೆ ಎಷ್ಟು ಜನ ಟವೆಲ್ ಹಾಸಿದ್ದರು ಎಂದು ನಾವು ಲೆಕ್ಕ ಹಾಕುವುದಿಲ್ಲ.

ಮೀಸಲಾತಿಯಿಂದ ಏನೂ ಆಗಿಲ್ಲ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟದ್ದು 1993ರಲ್ಲಿ. ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿದ್ದು 2010ರಲ್ಲಿ. ಈಗ ಮೀಸಲಾತಿ ಇಲ್ಲದ ಕಡೆ ನೋಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸೇರಿ ವಿಧಾನಸಭೆಗೆ 19 ಕ್ಷೇತ್ರಗಳು. 2023ರ ಚುನಾವಣೆಯಲ್ಲಿ ಅಲ್ಲಿಂದ ಗೆದ್ದ ಮಹಿಳೆ ಒಬ್ಬರೇ, ಕಲಬುರಗಿ ಉತ್ತರದ ಕನೀಜ್ ಫಾತಿಮಾ. ಅವರೂ 2018ರಲ್ಲಿ ಮೊದಲ ಸಲ ಗೆದ್ದದ್ದು, ಆ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಪತಿ ಖಮರುಲ್ ಇಸ್ಲಾಂ ತೀರಿಕೊಂಡ ಮೇಲೆ. ಕಲಬುರಗಿ ಮತ್ತು ಬೀದರ್ ಲೋಕಸಭಾ ಕ್ಷೇತ್ರಗಳಿಂದ ಇಷ್ಟು ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳೂ ದಿಲ್ಲಿಗೆ ಆಯ್ಕೆಯಾಗಿ ಹೋಗಿಲ್ಲ. ಸಂಸತ್ತು 2023ರ ಸೆಪ್ಟೆಂಬರಿನಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಿಡುವ ತಿದ್ದುಪಡಿಯನ್ನೇನೋ ಅಂಗೀಕರಿಸಿತು, ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಎಂಬ ಷರತ್ತನ್ನೂ ಅದರ ಸೆರಗಿಗೇ ಕಟ್ಟಿತು.

ಮೀಸಲಾತಿಯ ದೋಷ ನನ್ನ ಲೆಕ್ಕದಲ್ಲಿ ಬೇರೆಡೆ ಇದೆ. ಅಧ್ಯಕ್ಷೆಯ ಅವಧಿ ಎರಡೂವರೆ ವರ್ಷ. ಕ್ರಿಯಾಯೋಜನೆ ಎಂದರೇನು, ಯಾವ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ಅಭಿವೃದ್ಧಿ ಅಧಿಕಾರಿ ಎಲ್ಲಿ ಹೌದು ಎಂದು ಎಲ್ಲಿ ಇಲ್ಲವೆನ್ನುತ್ತಾರೆ ಎಂಬುದು ಆಕೆಗೆ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮುಂದಿನ ಸಲ ಮೀಸಲು ಸರದಿ ಬದಲಾಗಿ ಆಕೆಯ ವಾರ್ಡೇ ಬೇರೆಯವರ ಪಾಲಾಗುತ್ತದೆ. ಕಲಿತವಳನ್ನು ಮನೆಗೆ ಕಳಿಸಿ ಕಲಿಯಬೇಕಾದವಳನ್ನು ಕೂರಿಸುತ್ತೇವೆ, ಆಮೇಲೆ ಹೆಣ್ಣುಮಕ್ಕಳಿಗೆ ತಿಳಿಯುವುದಿಲ್ಲ ಎನ್ನುತ್ತೇವೆ.

ಇನ್ನು ಸ್ತ್ರೀವಾದ ಪಟ್ಟಣದ್ದು ಎಂಬ ಮಾತು. ಆ ಪದ ಪಟ್ಟಣದ್ದಿರಬಹುದು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದ ಸಾವಿರಾರು ಹೆಣ್ಣುಮಕ್ಕಳಿಗೆ ಆ ಪದದ ಅಗತ್ಯ ಬಿದ್ದಿರಲಿಕ್ಕಿಲ್ಲ. ಅದಕ್ಕೂ ಹಿಂದೆ, 1989ರಲ್ಲಿ, ಬಡ ಹೆಣ್ಣುಮಕ್ಕಳ ಶಿಕ್ಷಣ, ಸಂಘಟನೆಗಾಗಿ ಹುಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ ರಾಜ್ಯದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ಮೈಸೂರು, ವಿಜಯಪುರದ ಜೊತೆ ನಮ್ಮ ಬೀದರ್ ಇತ್ತು. ಸಹಯೋಗಿನಿಯರು ಎಂದು ಕರೆಯುತ್ತಿದ್ದ ಅದರ ಕಾರ್ಯಕರ್ತೆಯರು ಊರೂರು ತಿರುಗಿ ಕೂಲಿಕಾರ ಹೆಣ್ಣುಮಕ್ಕಳ ಸಂಘ ಕಟ್ಟಿದರು. ಸಾಲ ಕೊಡಲಿಕ್ಕಲ್ಲ, ಕೂತು ಮಾತಾಡಲಿಕ್ಕೆ. ಕೆಲವು ಊರುಗಳಲ್ಲಿ ‘ಸಂಘದ ಮನೆ’ ಎದ್ದಿತು. ಹೆಣ್ಣುಮಕ್ಕಳು ಕೂರಲು ಗುಡಿಯ ಕಟ್ಟೆಯಲ್ಲಿ ಜಾಗವಿಲ್ಲದ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಕೇಂದ್ರ ಸರ್ಕಾರ ಆ ಕಾರ್ಯಕ್ರಮವನ್ನು ಕೈಬಿಟ್ಟಾಗ ನಮ್ಮ ಪತ್ರಿಕೆಯೂ ಒಂದು ಸಾಲು ಬರೆಯಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಆ ಸಂಘದಿಂದ ಬಂದ ಅಧ್ಯಕ್ಷೆಯೊಬ್ಬರನ್ನು ನಾನು ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಕಂಡಿದ್ದೇನೆ. ತೊಗರಿ ರಾಶಿಯ ದಿನಗಳು. ಸಭೆ ಮಧ್ಯಾಹ್ನಕ್ಕಿತ್ತು. ಆಕೆ ಒಬ್ಬರೇ ಬರಲಿಲ್ಲ. ಐದು ಜನ ಗೆಳತಿಯರು ಹೊಲದಿಂದ ನೇರವಾಗಿ ಬಂದು, ಸೆರಗಿಗೆ ಅಂಟಿದ ಹೊಟ್ಟು ಕೊಡವಿ, ಪಂಚಾಯಿತಿ ಪಡಸಾಲೆಯಲ್ಲಿ ಸಭೆ ಮುಗಿಯುವ ತನಕ ಕೂತಿದ್ದರು. ಒಬ್ಬರೂ ಮಾತಾಡಲಿಲ್ಲ, ಆದರೂ ಒಳಗೆ ಕುರ್ಚಿ ಎಳೆದುಕೊಂಡು ಕೂರಲು ಬಂದ ಸದಸ್ಯೆಯರ ಗಂಡಂದಿರು ಆ ಸಾಲನ್ನು ದಾಟಲಾರದೆ ಬೇವಿನ ಮರದ ಕೆಳಗೇ ಉಳಿದರು. ಹಣ ಪಾವತಿಗೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು, ಆ ಸಹಿ ಡೋಂಗಲ್ ಎಂಬ ಹೆಬ್ಬೆರಳು ಗಾತ್ರದ ವಸ್ತುವಿನಲ್ಲಿರುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಎಷ್ಟೋ ಕಡೆ ಅದು ಗಂಡನ ಅಂಗಿಯ ಜೇಬಿನಲ್ಲಿರುತ್ತದೆ. ಈಕೆ ಅದನ್ನು ತನ್ನ ಎಲೆ ಚಂಚಿಯಿಂದ ತೆಗೆದರು, ಅಡಕೆ ಚೂರು ಒರೆಸಿ ಕೊಟ್ಟರು, ಕೆಲಸ ಮುಗಿದೊಡನೆ ಮತ್ತೆ ಚಂಚಿಗೆ ಹಾಕಿ ದಾರ ಎಳೆದರು. ಆ ಐದು ಜನರಿಲ್ಲದೆ ಡೋಂಗಲ್ ಆ ಚಂಚಿಯಲ್ಲಿ ಉಳಿಯುತ್ತಿರಲಿಲ್ಲ. ಹೋರಾಟ ಬೇರೆ, ಅಧಿಕಾರ ಬೇರೆ ಎಂದು ನೀವು ಎರಡು ಕಂಬಳಿ ಹಾಸಿರುವುದು ನನಗೆ ಸರಿಕಾಣದೆ ಇರುವುದು ಇದಕ್ಕೇ.

ಓದು ಬರಹದ ಪ್ರಶ್ನೆ ಗಂಭೀರವಾದದ್ದು, ಅದೂ ಮೂವತ್ತು ವರ್ಷ ಹಲಗೆಯ ಮುಂದೆ ನಿಂತವರು ಕೇಳಿದಾಗ. 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯದ ಕಟ್ಟಕಡೆಯ ಜಿಲ್ಲೆ ನಿಮ್ಮ ಯಾದಗಿರಿ, ಶೇ 52ರ ಆಸುಪಾಸು. ಹೆಣ್ಣುಮಕ್ಕಳದು ಇನ್ನೂ ಹತ್ತು ಅಂಶ ಕೆಳಗೆ. ಹಾಗೆಂದು ಓದದವರು ನಿಲ್ಲಬಾರದು ಎಂದರೆ ಶಾಲೆ ತಪ್ಪಿಸಿ ಹತ್ತಿ ಬಿಡಿಸಲು ಕಳಿಸಿದವರಿಗಲ್ಲ, ಹೋದವಳಿಗೇ ಎರಡನೆಯ ಸಲ ದಂಡ ಹಾಕಿದಂತೆ. ಹರಿಯಾಣ 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ಶಾಲಾ ಕಲಿಕೆಯ ಷರತ್ತು ಹಾಕಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನ ಅಂಥದೇ ಷರತ್ತು ಹಾಕಿ 2019ರಲ್ಲಿ ಅದನ್ನು ತೆಗೆದುಹಾಕಿತು. ಎರಡನೆಯದೇ ನನಗೆ ವಿವೇಕವಾಗಿ ಕಾಣುತ್ತದೆ. ಅಕ್ಷರ ಬಾರದ ಗಂಡಸು ಅಧ್ಯಕ್ಷನಾದಾಗ ಅವನ ಹೆಂಡತಿ ಬಂದು ಸಭೆ ನಡೆಸಿದ್ದನ್ನು ನೀವು ಕಂಡಿದ್ದೀರಾ?

ಕತ್ತರಿಸಿಹೋದ ಚಿತ್ರದ ಅಧ್ಯಕ್ಷೆಯನ್ನು ಕಾಣಲು ನಿಮ್ಮ ಪತ್ರ ಬಂದ ಮೇಲೆ ಶಹಾಪುರ ತಾಲ್ಲೂಕಿಗೆ ನಾನೇ ಹೋಗಿದ್ದೆ. ಕ್ಷಮೆ ಕೇಳಿದೆ, ಚಿತ್ರದ ಬಗ್ಗೆ ಆಕೆ ತಲೆ ಕೆಡಿಸಿಕೊಂಡಿರಲಿಲ್ಲ. ನಡಾವಳಿ ಪುಸ್ತಕ ತೆರೆದು ತನ್ನ ಸಹಿಯ ಮೇಲೆ ಬೆರಳಿಟ್ಟು ಹೇಳಿದರು: “ಸಹಿ ನಂದೇ ಅದರಿ. ಮ್ಯಾಲ ಬರದದ್ದು ಏನದ ಅಂತ ಯಾರೂ ಓದಿ ಹೇಳಂಗಿಲ್ರಿ. ಮನ್ಯಾಗ ಕೇಳಿದರ ನಿನಗ್ಯಾಕ ಅಂತಾರ್ರಿ.” ಗಂಡನಲ್ಲದ, ಪಂಚಾಯಿತಿಯ ಗುತ್ತಿಗೆಯಲ್ಲಿ ಪಾಲಿಲ್ಲದ ಒಬ್ಬರು ತಿಂಗಳಿಗೊಮ್ಮೆ ಬಂದು ಠರಾವುಗಳನ್ನು ಓದಿ ಹೇಳಿದರೆ ಸಾಕು ಎಂಬುದು ಆಕೆಯ ಬೇಡಿಕೆ. ಊರು ನಿಮ್ಮಲ್ಲಿಂದ ಒಂದೇ ಬಸ್ಸಿನ ದಾರಿ. ಮಂಗಳವಾರ ಹನ್ನೊಂದರ ಮೇಲೆ ಕಚೇರಿಯಲ್ಲಿರುತ್ತಾರೆ. ನೀವು ಒಪ್ಪುವುದಾದರೆ ಎರಡು ಸಾಲು ಬರೆಯಿರಿ, ಈ ಸಲ ನಂಬರು ಆಕೆಯದನ್ನೇ ಕಳಿಸುತ್ತೇನೆ.

ಇತಿ,
ಸಂಪಾದಕ