ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟವರು ಮೊದಲು ಏನನ್ನು ಅರ್ಥಮಾಡಿಕೊಳ್ಳಬೇಕು?

ಬಿ.ಕಾಂ. ಮುಗಿಸಿ ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟಿರುವುದಾಗಿಯೂ, ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ನೋಡ್, ಎಪಿಐ, ಡೇಟಾಬೇಸ್ ಎಂಬ ಹೆಸರುಗಳನ್ನು ಒಂದೊಂದು ವಿಡಿಯೊದಲ್ಲಿ ಒಂದೊಂದು ಬಗೆಯಾಗಿ ಕೇಳಿ ಯಾವುದು ಎಲ್ಲಿಗೆ ಸೇರಿದ್ದೆಂಬುದೇ ತಿಳಿಯದಾಗಿದೆ ಎಂದೂ ನೀವು ಬರೆದಿದ್ದೀರಿ. ನಾನು ಇದೇ ವೃತ್ತಿಯಲ್ಲಿರುವವನು. ತಂಡಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ಪಾಠ ಹೇಳುವ ಕೆಲಸವೂ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಹೊಸ ಹೆಸರೊಂದು ಎದುರಾದಾಗಲೆಲ್ಲ, ಇದು ಕೆಲಸ ಮಾಡುವುದು ಯಾವ ಕಂಪ್ಯೂಟರಿನಲ್ಲಿ ಎಂದು ಕೇಳಿಕೊಳ್ಳಿ. ಓದುಗರ ಕೈಯಲ್ಲಿರುವ ಯಂತ್ರದಲ್ಲೋ, ದೂರದಲ್ಲೆಲ್ಲೋ ಇರುವ ಸರ್ವರಿನಲ್ಲೋ? ವೆಬ್ ಎಂಬುದು ಈ ಎರಡು ಯಂತ್ರಗಳ ನಡುವಿನ ಪತ್ರವ್ಯವಹಾರ. ಮೊದಲನೆಯದರಲ್ಲಿ ನಡೆಯುವುದಕ್ಕೆ ಫ್ರಂಟ್‌ಎಂಡ್ ಎಂದೂ ಎರಡನೆಯದರಲ್ಲಿ ನಡೆಯುವುದಕ್ಕೆ ಬ್ಯಾಕ್‌ಎಂಡ್ ಎಂದೂ ಕರೆಯುತ್ತಾರೆ.

ಈ ವ್ಯವಸ್ಥೆಯ ಮೂಲ ಪ್ರಸ್ತಾವವನ್ನು ಟಿಮ್ ಬರ್ನರ್ಸ್-ಲೀ ಅವರು 1989ರ ಮಾರ್ಚ್‌ನಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಬರೆದರು. ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಹಂಚಿಹೋಗಿದ್ದ ದಾಖಲೆಗಳನ್ನು ಅಲ್ಲಿನ ವಿಜ್ಞಾನಿಗಳು ಸುಲಭವಾಗಿ ಓದುವಂತಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಅವರು ರೂಪಿಸಿದ್ದು ಮೂರು ಸಂಗತಿಗಳನ್ನು: ಪ್ರತಿ ದಾಖಲೆಗೂ ಒಂದು ವಿಳಾಸ, ಅಂದರೆ ಯುಆರ್‌ಎಲ್, ಅದನ್ನು ಕೇಳಿ ಪಡೆಯುವ ನಿಯಮಾವಳಿ, ಅಂದರೆ ಎಚ್‌ಟಿಟಿಪಿ, ದಾಖಲೆಯನ್ನು ಬರೆಯುವ ಭಾಷೆ, ಅಂದರೆ ಎಚ್‌ಟಿಎಂಎಲ್. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿದ್ದರಿಂದ, ನೀವು ಪುಟವೊಂದನ್ನು ಮಾಡಿ ಪ್ರಕಟಿಸುವುದಕ್ಕೆ ಇಂದಿಗೂ ಯಾರ ಅನುಮತಿಯೂ ಬೇಕಿಲ್ಲ, ಯಾರಿಗೂ ರಾಯಧನ ಕೊಡಬೇಕಿಲ್ಲ. ಉಳಿದೆಲ್ಲ ಹೆಸರುಗಳೂ ಈ ಮೂರರ ಮೇಲೆ ಬೆಳೆದು ಬಂದವು.

ನಿಮಗೆ ಪರಿಚಿತವಾದ ಒಂದು ತಾಣವನ್ನೇ ತೆಗೆದುಕೊಳ್ಳೋಣ. ಕನ್ನಡ ವಿಕಿಪೀಡಿಯದ ಯಾವುದಾದರೊಂದು ಲೇಖನದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ಎಂಟರ್ ಒತ್ತಿದಿರೆನ್ನಿ. ವಿಳಾಸದಲ್ಲಿರುವ ತಾಣದ ಹೆಸರು ಮನುಷ್ಯರ ಅನುಕೂಲಕ್ಕಾಗಿ ಇರುವುದು. ಯಂತ್ರಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಸಂಖ್ಯೆಯಿಂದ. ಆದ್ದರಿಂದ ಬ್ರೌಸರ್ ಮೊದಲು ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಕೇಳಿ ಆ ಹೆಸರಿನ ಸಂಖ್ಯೆಯನ್ನು ತಿಳಿದುಕೊಳ್ಳುತ್ತದೆ. ಆಮೇಲೆ ಆ ಸರ್ವರಿನೊಂದಿಗೆ ಸಂಪರ್ಕ ಕಲ್ಪಿಸಿಕೊಳ್ಳುತ್ತದೆ. ವಿಳಾಸ ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದ್ದರೆ ಈ ಸಂಪರ್ಕದಲ್ಲಿ ಹೋಗಿಬರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ನಡುವಿನ ವೈಫೈ ಮಾಲೀಕರಿಗೂ ಅದರ ಒಳಗಿನ ವಿಷಯ ಓದಲು ಬರುವುದಿಲ್ಲ. ಆ ತಾಣವೇ ಪ್ರಾಮಾಣಿಕವೆಂದು ಇದರ ಅರ್ಥವಲ್ಲ, ಮೋಸದ ತಾಣಗಳೂ ಎಚ್‌ಟಿಟಿಪಿಎಸ್ ಬಳಸುತ್ತವೆ. ಆರಂಭದಲ್ಲಿ ಇಷ್ಟು ತಿಳಿದಿದ್ದರೆ ಸಾಕು, ಇದರ ಒಳಹೊರಗನ್ನು ಮುಂದೆ ಯಾವಾಗಲಾದರೂ ನೋಡಿಕೊಳ್ಳಬಹುದು.

ನಿಜವಾಗಿ ಕಣ್ಣಿಟ್ಟು ನೋಡಬೇಕಾದದ್ದು ಇದರ ನಂತರದ ಹಂತವನ್ನು. ಡೆಸ್ಕ್‌ಟಾಪ್ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್12 ಕೀಲಿಯನ್ನು ಒತ್ತಿ, ನೆಟ್‌ವರ್ಕ್ ಎಂಬ ಭಾಗವನ್ನು ತೆರೆದು, ಪುಟವನ್ನು ರಿಫ್ರೆಶ್ ಮಾಡಿ. ಒಂದರ ಕೆಳಗೊಂದು ಸಾಲುಗಳು ಮೂಡುತ್ತವೆ. ಪ್ರತಿ ಸಾಲೂ ಒಂದು ರಿಕ್ವೆಸ್ಟ್ ಮತ್ತು ಅದಕ್ಕೆ ಬಂದ ರೆಸ್ಪಾನ್ಸ್. ಎಲ್ಲಕ್ಕಿಂತ ಮೇಲಿನದನ್ನು ಕ್ಲಿಕ್ ಮಾಡಿದರೆ ರಿಕ್ವೆಸ್ಟಿನ ವಿಧಾನ ಗೆಟ್ ಎಂದಿರುವುದು ಕಾಣುತ್ತದೆ, ಅಂದರೆ ಇಂಥ ಪುಟವನ್ನು ಕೊಡು ಎಂಬ ಕೋರಿಕೆ. ಫಾರಂ ತುಂಬಿ ಕಳುಹಿಸಿದಾಗ ಅದೇ ಜಾಗದಲ್ಲಿ ಸಾಮಾನ್ಯವಾಗಿ ಪೋಸ್ಟ್ ಎಂದಿರುತ್ತದೆ. ಅದರ ಜೊತೆಗೆ ಹೆಡರ್‌ಗಳೆಂಬ ಸಣ್ಣ ಸಾಲುಗಳು ಹೋಗುತ್ತವೆ: ನನ್ನ ಬ್ರೌಸರ್ ಇಂಥದ್ದು, ನನಗೆ ಇಂಥ ಭಾಷೆ ಆದೀತು ಇತ್ಯಾದಿ. ಮರಳಿ ಬಂದ ರೆಸ್ಪಾನ್ಸಿನಲ್ಲಿ ಒಂದು ಸಂಖ್ಯೆಯಿರುತ್ತದೆ. 200 ಎಂದರೆ ಎಲ್ಲವೂ ಸರಿ; 301 ಎಂದರೆ ಪುಟ ಬೇರೆ ವಿಳಾಸಕ್ಕೆ ಕಾಯಂ ಆಗಿ ಹೋಗಿದೆ; 404 ಎಂದರೆ ನೀವು ಕೇಳಿದ್ದು ಇಲ್ಲಿಲ್ಲ; 500 ಎಂದರೆ ಸರ್ವರಿನ ಪ್ರೋಗ್ರಾಮೇ ಎಲ್ಲೋ ಎಡವಿದೆ. ಸ್ಥೂಲವಾಗಿ, ನಾಲ್ಕರಿಂದ ಆರಂಭವಾದರೆ ಕೇಳಿದವರ ಕಡೆಯ ತೊಂದರೆ, ಐದರಿಂದ ಆರಂಭವಾದರೆ ಕೊಡುವವರ ಕಡೆಯದು. ಕೆಲಸಕ್ಕೆ ಸೇರಿದ ಮೇಲೆ ದೋಷ ಹುಡುಕುವಾಗ ಈ ಒಂದು ಅಂಕಿ ನಿಮ್ಮ ಅರ್ಧ ಶ್ರಮವನ್ನು ಉಳಿಸುತ್ತದೆ.

ರೆಸ್ಪಾನ್ಸಿನೊಳಗೆ ಬರುವುದು ಎಚ್‌ಟಿಎಂಎಲ್. ಇದು ಪ್ರೋಗ್ರಾಮಿಂಗ್ ಭಾಷೆಯಲ್ಲವೆಂದು ಹಗುರವಾಗಿ ಮಾತಾಡುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಪುಟದಲ್ಲಿರುವ ಪ್ರತಿಯೊಂದು ಭಾಗವೂ ಏನೆಂದು ಹೇಳುವುದು ಅದರ ಕೆಲಸ: ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೊಂಡಿ, ಇದು ಒತ್ತಬಹುದಾದ ಬಟನ್. ಹೀಗೆ ಹೇಳುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ. ದಪ್ಪಕ್ಷರದಲ್ಲಿ ಕಾಣಬೇಕೆಂದು ಶೀರ್ಷಿಕೆಯ ಟ್ಯಾಗನ್ನು ಹಾಕುವುದು, ಬಣ್ಣದ ಚೌಕವೊಂದನ್ನು ಬಟನ್ನಿನಂತೆ ತೋರಿಸುವುದು ಕಣ್ಣಿಗೆ ಸರಿಯೆನಿಸಬಹುದು. ಆದರೆ ದೃಷ್ಟಿದೋಷವಿರುವವರು ಬಳಸುವ ಸ್ಕ್ರೀನ್‌ರೀಡರ್ ತಂತ್ರಾಂಶ ಪುಟವನ್ನು ಓದುವುದು ಟ್ಯಾಗುಗಳ ಅರ್ಥದ ಆಧಾರದ ಮೇಲೆ. ಪುಟದ ಭಾಷೆ ಕನ್ನಡವೆಂದು ಆರಂಭದ ಟ್ಯಾಗಿನಲ್ಲಿ ನಮೂದಿಸದಿದ್ದರೆ, ಅದು ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಡುವ ಸಾಧ್ಯತೆಯೂ ಇದೆ.

ಕನ್ನಡದಲ್ಲಿ ಪುಟ ಮಾಡುವವರು ಇಲ್ಲಿಯೇ ಇನ್ನೊಂದು ವಿಷಯವನ್ನು ಗಟ್ಟಿಮಾಡಿಕೊಳ್ಳಬೇಕು. ಎರಡು ಯಂತ್ರಗಳ ನಡುವೆ ಓಡಾಡುವುದು ಬೈಟ್‌ಗಳು. ಅವುಗಳನ್ನು ಅಕ್ಷರಗಳಾಗಿ ಓದಿಕೊಳ್ಳುವ ನಿಯಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ, ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಯುಟಿಎಫ್-8. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಲಿಪಿಗಳ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯೇ ಯುನಿಕೋಡ್; ಅದರಲ್ಲಿರುವ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ ಶೇಕಡಾ ಚಿಹ್ನೆಗಳೂ ಅಂಕಿಗಳೂ ತುಂಬಿದ ಮಾರುದ್ದದ ಸಾಲು ಬರುವುದನ್ನು ನೋಡಿರುತ್ತೀರಿ. ಯುಆರ್‌ಎಲ್‌ನಲ್ಲಿ ಕನ್ನಡದ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಾಕ್ಷರಗಳಾಗಿ ಬರೆಯುವುದರಿಂದ, ಒಂದು ‘ಕ’ ಎಂಬುದೇ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಪುಟದ ಎನ್‌ಕೋಡಿಂಗ್ ಯಾವುದೆಂದು ನೀವು ಹೇಳದೆ ಬಿಟ್ಟರೆ ಬ್ರೌಸರ್ ಊಹಿಸುತ್ತದೆ. ಊಹೆ ತಪ್ಪಿದಾಗ ಕನ್ನಡದ ಬದಲು, ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷಿನ ಮೊದಲ ಅಕ್ಷರವೂ ಅದರ ಮಗ್ಗುಲಲ್ಲಿ ಪುಟ್ಟ 2 ಅಥವಾ 3 ಕೂಡ ಸಾಲುಸಾಲಾಗಿ ಕಾಣುತ್ತವೆ. ಅದನ್ನು ಕಂಡೊಡನೆ ಪಠ್ಯ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಬೈಟ್‌ಗಳು ಸರಿಯಾಗಿಯೇ ಇವೆ, ಓದುವ ನಿಯಮ ಮಾತ್ರ ತಪ್ಪಿದೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ, ಯುನಿಕೋಡ್ ಅಲ್ಲದ ಕಡತಗಳದ್ದು ಬೇರೆಯದೇ ಕಥೆ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಲೇಬೇಕು.

ಪುಟ ಹೇಗೆ ಕಾಣಬೇಕೆಂಬುದನ್ನು ಸಿಎಸ್‌ಎಸ್ ಹೇಳುತ್ತದೆ. ಎಚ್‌ಟಿಎಂಎಲ್‌ನ ಪ್ರತಿ ಅಂಶವೂ ಒಂದು ಆಯತ, ಆ ಆಯತಕ್ಕೆ ಒಳಅಂಚು, ಗೆರೆ, ಹೊರಅಂಚು ಇರುತ್ತವೆ ಎಂಬುದನ್ನು ಮೊದಲು ಕಲಿತು, ಆಮೇಲೆ ಆ ಆಯತಗಳನ್ನು ಅಡ್ಡಸಾಲಿನಲ್ಲೋ ಉದ್ದಸಾಲಿನಲ್ಲೋ ಜೋಡಿಸುವ ಫ್ಲೆಕ್ಸ್‌ಬಾಕ್ಸ್‌ಗೆ ಬನ್ನಿ. ಸಾಲುಗಳ ಅಂತರವನ್ನು ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಇದ್ದಂತೆಯೇ ಬಿಟ್ಟರೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ನುಗಳಲ್ಲಿ ಕತ್ತರಿಸಿಯೂ ಹೋಗುತ್ತವೆ; ನಾನಂತೂ ಕನ್ನಡಕ್ಕೆ ಅದನ್ನು ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಇಡುವುದಿಲ್ಲ.

ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ರಚಿಸಿದರು. ಜಾವಾ ಭಾಷೆಗೂ ಇದಕ್ಕೂ ಹೆಸರಿನ ಸಾಮ್ಯವನ್ನು ಬಿಟ್ಟರೆ ಹೇಳಿಕೊಳ್ಳುವಂಥ ನಂಟಿಲ್ಲ. ಎಚ್‌ಟಿಎಂಎಲನ್ನು ಓದಿದ ಬ್ರೌಸರ್ ತನ್ನ ನೆನಪಿನಲ್ಲಿ ಮರದಂಥ ಒಂದು ರಚನೆಯನ್ನು ಕಟ್ಟಿಕೊಳ್ಳುತ್ತದೆ. ಅದನ್ನು ಡಾಮ್ ಎನ್ನುತ್ತಾರೆ. ಬಟನ್ ಒತ್ತಿದಾಗ, ಪೆಟ್ಟಿಗೆಯಲ್ಲಿ ಟೈಪ್ ಮಾಡಿದಾಗ ಆ ರಚನೆಯನ್ನು ಅಲ್ಲಿಂದಲ್ಲಿಗೇ ಬದಲಾಯಿಸುವುದು ಜಾವಾಸ್ಕ್ರಿಪ್ಟಿನ ಮುಖ್ಯ ಕೆಲಸ. ಎಫ್12ರ ಕನ್ಸೋಲ್ ಭಾಗದಲ್ಲಿ ‘ಕನ್ನಡ’ ಎಂಬ ಪದದ ಉದ್ದವನ್ನು ("ಕನ್ನಡ".length ಎಂದು ಬರೆದು ಎಂಟರ್ ಒತ್ತಿ) ಕೇಳಿ ನೋಡಿ: ನಾವು ಎಣಿಸುವುದು ಮೂರು ಅಕ್ಷರ, ಅದು ಹೇಳುವುದು 5. ಕ, ನ, ಒತ್ತಕ್ಷರ ಮಾಡುವ ಚಿಹ್ನೆ, ಮತ್ತೊಂದು ನ, ಡ ಎಂದು ಯುನಿಕೋಡ್ ಸಂಕೇತಗಳನ್ನು ಅದು ಎಣಿಸುತ್ತದೆ. ಶೀರ್ಷಿಕೆಯನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವ ಕೋಡನ್ನು ಹಾಗೆಯೇ ಬಳಸಿದರೆ ಕನ್ನಡದಲ್ಲಿ ಒತ್ತಕ್ಷರದ ನಡುವೆಯೇ ಕತ್ತರಿ ಬೀಳುವುದು ಇದರಿಂದಲೇ.

ಇನ್ನು ಆಚೆಯ ಯಂತ್ರಕ್ಕೆ ಬರೋಣ. ಸರ್ವರ್ ಎಂದರೆ ರಿಕ್ವೆಸ್ಟ್ ಬರುವುದನ್ನು ಕಾಯುತ್ತಿರುವ ಒಂದು ಪ್ರೋಗ್ರಾಂ. ಅದು ಓಡುವ ಯಂತ್ರವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಸಿದ್ಧವಾಗಿರುವ ಕಡತವನ್ನು ಅದು ಹಾಗೆಯೇ ಎತ್ತಿ ಕೊಡಬಹುದು, ಅಥವಾ ಕೇಳಿದಾಗ ಪುಟವನ್ನು ಕಟ್ಟಿ ಕೊಡಬಹುದು. ವಿಕಿಪೀಡಿಯದಲ್ಲಿ ಲೇಖನದ ಪಠ್ಯ ಡೇಟಾಬೇಸಿನಲ್ಲಿರುತ್ತದೆ; ಪಿಎಚ್‌ಪಿ ಭಾಷೆಯಲ್ಲಿ ಬರೆದ ಮೀಡಿಯಾವಿಕಿ ತಂತ್ರಾಂಶ ಅದನ್ನು ತೆಗೆದು ಎಚ್‌ಟಿಎಂಎಲ್ ಮಾಡುತ್ತದೆ. ಓದುಗರೊಬ್ಬರು ಬಂದಾಗಲೆಲ್ಲ ಇದನ್ನೇ ಮತ್ತೆ ಮಾಡುವುದು ದುಬಾರಿಯಾದ್ದರಿಂದ ಒಮ್ಮೆ ಕಟ್ಟಿದ ಪುಟದ ಪ್ರತಿಯನ್ನು ಇಟ್ಟುಕೊಂಡು ಹಂಚುತ್ತಾರೆ, ಅದಕ್ಕೆ ಕ್ಯಾಶ್ ಎಂದು ಹೆಸರು. ಪುಟದ ಬದಲು ಬರಿಯ ದತ್ತಾಂಶವನ್ನು, ಸಾಮಾನ್ಯವಾಗಿ ಜೇಸನ್ ಎಂಬ ರೂಪದಲ್ಲಿ, ಬೇರೊಂದು ಪ್ರೋಗ್ರಾಂ ಓದಿಕೊಳ್ಳಲೆಂದು ಕೊಡುವ ವಿಳಾಸಗಳೂ ಇರುತ್ತವೆ. ವೆಬ್‌ನವರು ಎಪಿಐ ಎಂದಾಗ ಬಹುಮಟ್ಟಿಗೆ ಅವರ ಮನಸ್ಸಿನಲ್ಲಿರುವುದು ಇದೇ.

ಎಪಿಐ ಎಂದರೆ ಹೋಟೆಲಿನ ಮಾಣಿಯಿದ್ದಂತೆ ಎಂದು ಬಹಳಷ್ಟು ವಿಡಿಯೊಗಳಲ್ಲಿ ಹೇಳುತ್ತಾರೆ. ನನಗೆ ಆ ಹೋಲಿಕೆ ಹಿಡಿಸಿಲ್ಲ. ಮೂಲೆಯ ಟೇಬಲಿನವರು ಆಗಲೇ ಎರಡು ಇಡ್ಲಿ ತಿಂದಿದ್ದಾರೆಂಬುದು ಮಾಣಿಗೆ ನೆನಪಿರುತ್ತದೆ. ಎಚ್‌ಟಿಟಿಪಿಗೆ ಏನೂ ನೆನಪಿರುವುದಿಲ್ಲ. ಪ್ರತಿ ರಿಕ್ವೆಸ್ಟೂ ಅದರ ಪಾಲಿಗೆ ಅಪರಿಚಿತರೊಬ್ಬರ ಮೊದಲ ಪತ್ರ. ಹಾಗಿದ್ದ ಮೇಲೆ ಲಾಗಿನ್ ಆದವರು ಮುಂದಿನ ಪುಟದಲ್ಲಿಯೂ ಲಾಗಿನ್ ಆಗಿಯೇ ಇರುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಇದಕ್ಕೆ ಕುಕಿ ಎಂಬ ಉಪಾಯವನ್ನು ಕಂಡುಹಿಡಿದರು. ಪಾಸ್‌ವರ್ಡ್ ಸರಿಯಿದ್ದಾಗ ಸರ್ವರ್ ಯಾರೂ ಊಹಿಸಲಾಗದ ಉದ್ದನೆಯ ಗುರುತೊಂದನ್ನು ಬ್ರೌಸರಿಗೆ ಕೊಟ್ಟು, ಇದು ಇಂಥವರದು ಎಂದು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅದೇ ತಾಣಕ್ಕೆ ಹೋಗುವ ರಿಕ್ವೆಸ್ಟುಗಳಿಗೆ ಬ್ರೌಸರ್ ಆ ಗುರುತನ್ನು ಲಗತ್ತಿಸುತ್ತದೆ. ಕುಕಿ ಅಳಿಸಿದರೆ ಲಾಗಿನ್ ಹೋಗುವುದೂ, ಕುಕಿ ಕದ್ದವರು ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗುವುದೂ ಇದರಿಂದ ಅರ್ಥವಾಗುತ್ತದೆ.

ಯಾವ ಯಂತ್ರದಲ್ಲಿ ಎಂಬ ಪ್ರಶ್ನೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಭದ್ರತೆಯ ವಿಷಯದಲ್ಲಿ. ಫಾರಂನಲ್ಲಿ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ ಇದೆಯೇ ಎಂದು ಜಾವಾಸ್ಕ್ರಿಪ್ಟಿನಲ್ಲಿ ಪರೀಕ್ಷಿಸಿದರೆ ಬಳಕೆದಾರರಿಗೆ ತಪ್ಪು ಕೂಡಲೇ ತಿಳಿಯುತ್ತದೆ, ಒಳ್ಳೆಯದು. ಆದರೆ ಆ ಕೋಡ್ ಓಡುತ್ತಿರುವುದು ಅವರ ಯಂತ್ರದಲ್ಲಿ. ಬೇಕೆಂದವರು ಅದನ್ನು ತೆಗೆದುಹಾಕಬಹುದು, ಬ್ರೌಸರಿನ ಹಂಗೇ ಇಲ್ಲದೆ ರಿಕ್ವೆಸ್ಟನ್ನು ನೇರವಾಗಿಯೂ ಕಳುಹಿಸಬಹುದು. ಆದ್ದರಿಂದ ಅದೇ ಪರೀಕ್ಷೆಯನ್ನು ಸರ್ವರಿನಲ್ಲಿ ಮತ್ತೊಮ್ಮೆ ಮಾಡಲೇಬೇಕು. ವಸ್ತುವಿನ ಬೆಲೆಯನ್ನು ಬ್ರೌಸರಿನಿಂದ ಬಂದಂತೆಯೇ ನಂಬಿದರೆ ಸಾವಿರ ರೂಪಾಯಿಯ ಪುಸ್ತಕ ಒಂದು ರೂಪಾಯಿಗೆ ಮಾರಾಟವಾದೀತು. ಬಂದ ಪಠ್ಯವನ್ನು ಎಸ್‌ಕ್ಯುಎಲ್, ಅಂದರೆ ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆಯ, ವಾಕ್ಯಕ್ಕೆ ಹಾಗೆಯೇ ಜೋಡಿಸಿದರೆ ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ಕಳುಹಿಸಿದವರು ಡೇಟಾಬೇಸನ್ನು ತಮಗೆ ಬೇಕಾದಂತೆ ಕುಣಿಸಬಲ್ಲರು. ಪಠ್ಯವನ್ನೂ ಆಜ್ಞೆಯನ್ನೂ ಬೇರೆ ಬೇರೆಯಾಗಿ ಕಳುಹಿಸುವ ಸೌಲಭ್ಯ ಬಳಕೆಯಲ್ಲಿರುವ ಭಾಷೆಗಳಲ್ಲೆಲ್ಲ ಇದೆ, ಮೊದಲ ದಿನದಿಂದಲೇ ಅದನ್ನು ಬಳಸಿ. ಅಂತೆಯೇ, ಗುಟ್ಟಾಗಿರಬೇಕಾದ ಕೀಲಿಪದವನ್ನು ಫ್ರಂಟ್‌ಎಂಡ್ ಕೋಡಿನಲ್ಲಿ ಇಡುವುದೆಂದರೆ ಎಫ್12 ಒತ್ತಲು ಬಲ್ಲವರಿಗೆಲ್ಲ ಕೊಟ್ಟಂತೆ.

ರಿಯಾಕ್ಟ್ ಮುಖ್ಯವಾಗಿ ಬ್ರೌಸರಿನಲ್ಲಿ ಡಾಮ್ ಬದಲಾಯಿಸುವ ಕೆಲಸವನ್ನು ಅಚ್ಚುಕಟ್ಟುಗೊಳಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹ. ನೋಡ್ ಎಂದರೆ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ, ಸರ್ವರಿನಲ್ಲಿಯೂ, ಓಡಿಸುವ ವ್ಯವಸ್ಥೆ; 2009ರಲ್ಲಿ ಬಂತು. ಜಾಂಗೊ, ಲಾರಾವೆಲ್ ಇವು ಸರ್ವರ್ ಕಡೆಯ ಪ್ರೋಗ್ರಾಂ ಬರೆಯಲು ನೆರವಾಗುವ ಸಿದ್ಧ ಚೌಕಟ್ಟುಗಳು. ಲೈಬ್ರರಿಯಿಲ್ಲದೆ ಒಂದು ಸಣ್ಣ ಪುಟವನ್ನಾದರೂ ಮಾಡುವವರೆಗೆ ರಿಯಾಕ್ಟಿನ ಗೊಡವೆಗೆ ಹೋಗಬೇಡಿ ಎಂಬುದು ನನ್ನ ಸಲಹೆ, ಇದನ್ನು ಒಪ್ಪದ ಸಹೋದ್ಯೋಗಿಗಳೂ ನನಗಿದ್ದಾರೆ. ನೀವು ವಾಣಿಜ್ಯ ಓದಿದವರಾದ್ದರಿಂದ ಮನೆಯ ಖರ್ಚುವೆಚ್ಚ ಬರೆದಿಡುವ ಪುಟದಿಂದ ಆರಂಭಿಸಿ: ಮೊದಲು ಬರಿಯ ಎಚ್‌ಟಿಎಂಎಲ್ ಫಾರಂ, ಆಮೇಲೆ ಮೊತ್ತವನ್ನು ಕೂಡಿಸುವ ಜಾವಾಸ್ಕ್ರಿಪ್ಟ್, ಕೊನೆಗೆ ಅದನ್ನು ಉಳಿಸಿಡುವ ಸರ್ವರ್ ಮತ್ತು ಡೇಟಾಬೇಸ್.

ಆ ಹಂತಕ್ಕೆ ಬಂದಾಗ ಲೋಕಲ್‌ಹೋಸ್ಟ್ ಎಂಬ ವಿಳಾಸದಲ್ಲಿ ನಿಮ್ಮ ಪುಟ ತೆರೆದುಕೊಳ್ಳುತ್ತದೆ. ಅದನ್ನು ಗೆಳೆಯರಿಗೆ ಕಳುಹಿಸಿದರೆ ಅವರಲ್ಲಿ ಏನೂ ತೆರೆಯುವುದಿಲ್ಲ. ಲೋಕಲ್‌ಹೋಸ್ಟ್ ಎಂದರೆ ಯಾರು ತೆರೆಯುತ್ತಾರೋ ಅವರದೇ ಯಂತ್ರ. ನಿಮ್ಮ ಸರ್ವರ್ ಓಡುತ್ತಿರುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಅವರ ಬ್ರೌಸರ್ ಹುಡುಕುವುದು ಅವರ ಲ್ಯಾಪ್‌ಟಾಪಿನಲ್ಲಿ. ಎಲ್ಲರಿಗೂ ಕಾಣಬೇಕಾದರೆ ಸದಾ ಚಾಲನೆಯಲ್ಲಿರುವ ಯಂತ್ರವೊಂದರಲ್ಲಿ ಜಾಗ ಪಡೆಯಬೇಕು, ಅದು ಹೋಸ್ಟಿಂಗ್. ಹೆಸರೊಂದನ್ನು ವಾರ್ಷಿಕ ಶುಲ್ಕ ಕಟ್ಟಿ ಪಡೆದು ಅದರತ್ತ ತಿರುಗಿಸಬೇಕು, ಅದು ಡೊಮೈನ್. ಸರ್ವರಿನ ಕೆಲಸವೇ ಇಲ್ಲದ ಪುಟವಾದರೆ ಗಿಟ್‌ಹಬ್ ಪೇಜಸ್‌ನಂಥ ಸೇವೆಯಲ್ಲಿ ಉಚಿತವಾಗಿಯೇ ಹಾಕಬಹುದು, ಮೊದಲ ಪುಟಕ್ಕೆ ಅದು ಧಾರಾಳವಾಯಿತು.