ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ತಾತ್ಕಾಲಿಕ ಊರು ಕಟ್ಟಿ ನಡೆಸುವ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಮೊದಲ ಸಲ ಹೊರಟವರಿಗೆ ಡೇರೆ ಒಳ್ಳೆಯದೋ, ಒಳಗೇ ಮಲಗಬಹುದಾದ ಬಾಡಿಗೆ ವಾಹನ ಆರ್‌ವಿಯೋ? ಒಳ್ಳೆಯ ಜಾಗಕ್ಕಾಗಿ ದ್ವಾರ ತೆರೆದ ರಾತ್ರಿಯೇ ತಲುಪಬೇಕೇ?

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ 2018ರ ನಾನು ಮತ್ತು ನನ್ನ ಗೆಳೆಯ ಕಣ್ಣ ಮುಂದೆ ಬಂದೆವು. ಇದೇ ಎರಡು ಪ್ರಶ್ನೆಗಳನ್ನು ಹಿಡಿದು ನಾವು ಮೂರು ತಿಂಗಳು ಚರ್ಚಿಸಿದ್ದೆವು. ಡೇರೆಯನ್ನು ನೆಲಕ್ಕೆ ಕಟ್ಟುವುದು ಹೇಗೆ ಎಂಬ ಬಗ್ಗೆ ಮಾತ್ರ ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ.

ಆ ಆಗಸ್ಟ್ 26ರ ಭಾನುವಾರ ಮಧ್ಯಾಹ್ನ ನಾವು ರೀನೋ ನಗರವನ್ನು ಬಿಟ್ಟೆವು. ಅಲ್ಲಿಂದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ಸುಮಾರು 190 ಕಿಲೊಮೀಟರ್ ದೂರ. ವಾಡ್ಸ್‌ವರ್ತ್‌ನಲ್ಲಿ ಹೆದ್ದಾರಿಯಿಂದ ಇಳಿದು 447ನೆಯ ರಾಜ್ಯ ರಸ್ತೆಯನ್ನು ಹಿಡಿದರೆ ಆಮೇಲೆ ಎದುರಾಗುವುದು ನಿಕ್ಸನ್, ಎಂಪೈರ್, ಗರ್ಲಾಕ್ ಎಂಬ ಪುಟ್ಟ ಊರುಗಳು ಮಾತ್ರ. ಡಾಂಬರು ಮುಗಿದು, ಎಲ್ಲರೂ ಪ್ಲಾಯಾ ಎಂದು ಕರೆಯುವ ಒಣ ಸರೋವರದ ನೆಲ ಶುರುವಾದ ಮೇಲೆ ಗಂಟೆಗೆ 10 ಮೈಲಿಯ ವೇಗವನ್ನು ಮೀರುವಂತಿಲ್ಲ. ಧೂಳೆದ್ದು ಮುಂದಿನ ವಾಹನ ಕಾಣದಂತಾದರೆ ಸಾಲು ನಿಂತೇಬಿಡುತ್ತದೆ. ಆ ಸಾಲಿನಲ್ಲಿ ನಾವು ಎಂಟು ಗಂಟೆ ಕಳೆದೆವು. ಟಿಕೆಟ್ ಪರೀಕ್ಷೆ, ವಾಹನದ ತಪಾಸಣೆ, ಸ್ವಾಗತಕಾರರ ಅಪ್ಪುಗೆ, ಹೊಸಬರೆಂದು ನಮ್ಮಿಂದ ಗಂಟೆ ಹೊಡೆಸಿ ಧೂಳಿನಲ್ಲಿ ಹೊರಳಾಡಿಸಿದ್ದು, ಇಷ್ಟೆಲ್ಲ ಮುಗಿದು ನಾವು ಜಾಗ ಹುಡುಕಿಕೊಂಡು ಕಾರು ನಿಲ್ಲಿಸಿದಾಗ ಸೋಮವಾರ ಬೆಳಗಿನ ಜಾವ ಎರಡು ಗಂಟೆ.

ಹುಣ್ಣಿಮೆಯ ರಾತ್ರಿಯದು. ಬಿಳಿಯ ನೆಲದ ಮೇಲೆ ಬೆಳದಿಂಗಳು ಬಿದ್ದು ದೀಪವಿಲ್ಲದೆಯೂ ಎಲ್ಲವೂ ಕಾಣುತ್ತಿತ್ತು. ಒಂದು ಎಲೆ ಅಲುಗಾಡುವಷ್ಟೂ ಗಾಳಿಯಿರಲಿಲ್ಲ. ನಾನು ಈ ಶಾಂತಿಯನ್ನು ನಂಬಿದೆ. ನನ್ನ ತಪ್ಪು ಅಲ್ಲಿಂದ ಶುರುವಾಯಿತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಮ್ಮ ಬಳಿ ಸಲಕರಣೆ ಇಲ್ಲದೆ ಹೀಗಾಯಿತು ಎನ್ನುವಂತಿಲ್ಲ. ಹದಿನಾಲ್ಕು ಇಂಚು ಉದ್ದದ, ಇಂಚಿನ ಎಂಟು ಪಾಲಿನಲ್ಲಿ ಮೂರು ಪಾಲು ದಪ್ಪದ ಲ್ಯಾಗ್ ಸ್ಕ್ರೂ ಎಂಬ ದಪ್ಪ ತಿರುಪು ಮೊಳೆಗಳನ್ನೂ ಅವುಗಳನ್ನು ತಿರುಗಿಸಿ ನೆಲಕ್ಕಿಳಿಸುವ ಇಂಪ್ಯಾಕ್ಟ್ ಡ್ರೈವರ್ ಎಂಬ ಬ್ಯಾಟರಿ ಯಂತ್ರವನ್ನೂ ಅನುಭವಿಗಳ ಮಾತು ಕೇಳಿ ಕೊಂಡಿದ್ದೆವು. ಆದರೆ ಕಾರಿಗೆ ಸಾಮಾನು ತುಂಬಿದವನು ನಾನು. ಭಾರವಾದದ್ದು ಕೆಳಗಿರಬೇಕೆಂದು ಸ್ಕ್ರೂಗಳ ಪೆಟ್ಟಿಗೆಯನ್ನೂ ಡ್ರೈವರನ್ನೂ ಎಲ್ಲಕ್ಕಿಂತ ಅಡಿಯಲ್ಲಿಟ್ಟು, ಅದರ ಮೇಲೆ ಐದು ಗ್ಯಾಲನ್‌ನ ಐದು ನೀರಿನ ಕ್ಯಾನ್, ಅದರ ಮೇಲೆ ಆಹಾರ, ಅದರ ಮೇಲೆ ಹಾಸಿಗೆಗಳನ್ನು ಪೇರಿಸಿದ್ದೆ. ಡೇರೆಯೂ ನೆರಳಿನ ಚಪ್ಪರವೂ ಕಾರಿನ ಮೇಲಿದ್ದವು. ಅಂದರೆ ಮೊದಲು ಎತ್ತಬೇಕಾದ ವಸ್ತು ಕೈಗೆ ಸುಲಭವಾಗಿ ಸಿಗುತ್ತಿತ್ತು, ಅದನ್ನು ಹಿಡಿದಿಡಬೇಕಾದ ವಸ್ತು ತಳದಲ್ಲಿ ಹೂತಿತ್ತು. ಬೆಳಗಾದರೆ ಬಿಸಿಲಿಗೆ ಡೇರೆ ಕುಲುಮೆಯಾಗುತ್ತದೆ ಎಂದು ಕೇಳಿದ್ದರಿಂದ, ಮಲಗುವ ಮೊದಲೇ ಡೇರೆಯ ಮೇಲೆ ಚಪ್ಪರ ಎತ್ತಿಬಿಡೋಣ ಎಂದು ನಾನು ಹಟ ಹಿಡಿದೆ. ಗೆಳೆಯ ಸ್ಕ್ರೂಗಳನ್ನು ಹುಡುಕಲು ಹೊರಟಾಗ ಅದನ್ನು ಬೆಳಿಗ್ಗೆ ನೋಡಿಕೊಳ್ಳೋಣ ಎಂದವನೂ ನಾನೇ. ಡೇರೆಯ ಜೊತೆ ಬಂದಿದ್ದ, ಬೆರಳಿನಷ್ಟೂ ದಪ್ಪವಿಲ್ಲದ ಅಲ್ಯೂಮಿನಿಯಂ ಗೂಟಗಳನ್ನು ಸುತ್ತಿಗೆಯಿಂದ ಹೊಡೆದೆವು. ಮೇಲಿನ ಗಟ್ಟಿ ಪದರದಲ್ಲಿ ಅವು ಠಣ್ ಠಣ್ ಎಂದು ಸದ್ದು ಮಾಡುತ್ತ ಇಳಿದ ರೀತಿಗೆ ಭದ್ರವಾಗಿಯೇ ಕೂತವೆನ್ನಿಸಿತು. ಚಪ್ಪರದ ನಾಲ್ಕು ಕಾಲುಗಳಿಗೆ ಒಂದೊಂದು ತುಂಬಿದ ನೀರಿನ ಕ್ಯಾನ್ ಕಟ್ಟಿದೆ.

ಆ ಕ್ಯಾನುಗಳ ಲೆಕ್ಕವನ್ನು ಅನಂತರ ಅದೆಷ್ಟೋ ಸಲ ಮಾಡಿದ್ದೇನೆ. ಒಂದರ ಭಾರ ಸುಮಾರು 19 ಕಿಲೊ, ನಾಲ್ಕರದು 76 ಕಿಲೊ. ಹತ್ತಡಿ ಉದ್ದ, ಹತ್ತಡಿ ಅಗಲದ ಬಟ್ಟೆ ಗಾಳಿಗೆ ನೇರವಾಗಿ ಎದೆಯೊಡ್ಡಿದರೆ, ಗಂಟೆಗೆ 40 ಕಿಲೊಮೀಟರ್ ವೇಗದ ಗಾಳಿಯೇ ಅದನ್ನು ಹೆಚ್ಚುಕಡಿಮೆ 70 ಕಿಲೊ ಭಾರದಷ್ಟು ಬಲದಿಂದ ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. 80 ಕಿಲೊಮೀಟರ್ ವೇಗದಲ್ಲಿ ಅದು 280 ಕಿಲೊ ದಾಟುತ್ತದೆ. ಅಂಥ ಗಾಳಿ ಆ ಬಯಲಿಗೆ ಹೊಸದಲ್ಲ. ಅಂದರೆ ಕ್ಯಾನನ್ನು ಕಟ್ಟಿ ನೆಮ್ಮದಿಯಿಂದ ಮಲಗುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಭಾರ ಇಟ್ಟರೆ ಸಾಕು ಎನ್ನುವ ಸಲಹೆಯನ್ನು ನಿಮಗೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ.

ಬೆಳಿಗ್ಗೆಯೂ ಗಾಳಿ ಇರಲಿಲ್ಲ. ನಾವು ತಡವಾಗಿ ಎದ್ದು, ಸೈಕಲ್ ಇಳಿಸಿ, ಊರು ನೋಡುವ ಉತ್ಸಾಹದಲ್ಲಿ ಹೊರಟೆವು. ಸ್ಕ್ರೂಗಳ ಪೆಟ್ಟಿಗೆ ಕಾರಿನ ತಳದಲ್ಲೇ ಉಳಿಯಿತು. ಮಧ್ಯಾಹ್ನ ಮೂರರ ಸುಮಾರಿಗೆ ಹಿಂದಿರುಗಿ ನೆರಳಿನಲ್ಲಿ ಕುಳಿತಿದ್ದಾಗ ನೈರುತ್ಯದ ಬೆಟ್ಟಗಳು ಒಂದೊಂದಾಗಿ ಮರೆಯಾದವು. ಕಂದುಬಿಳುಪಿನ ಗೋಡೆಯೊಂದು ನಮ್ಮತ್ತ ಬರುತ್ತಿದೆ ಎಂದು ಅರ್ಥವಾಗುವಷ್ಟರಲ್ಲಿ ಚಪ್ಪರದ ಬಟ್ಟೆ ಪಟಪಟ ಬಡಿಯತೊಡಗಿತು. ನನ್ನ ಕಾಲ ಬಳಿಯೇ ಇದ್ದ ಗೂಟವೊಂದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮೇಲೆ ಬಂತು. ಅದು ಬಿಟ್ಟುಹೋದ ತೂತಿನಿಂದ ಹಿಟ್ಟಿನಂಥ ಧೂಳು ಸಣ್ಣ ಎಳೆಯಾಗಿ ಹಾರಿದ್ದನ್ನು ಕಣ್ಣಾರೆ ಕಂಡೆ. ಗಟ್ಟಿಯೆನ್ನಿಸಿದ್ದು ಮೇಲಿನ ಪದರ ಮಾತ್ರ, ನುಣುಪಾದ ಗೂಟಕ್ಕೆ ಹಿಡಿತ ಕೊಡುವಂಥದ್ದು ಆ ನುಣ್ಣನೆಯ ಮಣ್ಣಿನಲ್ಲಿ ಏನೂ ಇಲ್ಲ. ಮರುಕ್ಷಣ ಚಪ್ಪರ ಒಂದು ಬದಿಗೆ ಎದ್ದಿತು, ಕಟ್ಟಿದ ಕ್ಯಾನುಗಳು ಗಡಿಯಾರದ ಲೋಲಕದಂತೆ ಓಲಾಡಿದವು. ಗೆಳೆಯ ಒಂದು ಕಾಲನ್ನು ಹಿಡಿದುಕೊಳ್ಳಲು ಧಾವಿಸಿದ. ಅದರ ತುದಿಯ ಲೋಹದ ಪಟ್ಟಿ ಅವನ ಮುಂಗೈಯನ್ನು ಉದ್ದಕ್ಕೆ ಸೀಳಿತು. ಚಪ್ಪರ ನಮ್ಮನ್ನು ದಾಟಿ ನೆರೆಯವರ ಡೇರೆಯ ಮೇಲೆ ಬಿದ್ದು, ಅಲ್ಲಿಂದ ಉರುಳಿ ಬಿಳಿಯ ಕತ್ತಲೆಯಲ್ಲಿ ಕಾಣದಾಯಿತು. ಆ ಡೇರೆಯಲ್ಲಿ ಆಗ ಯಾರೂ ಮಲಗಿರಲಿಲ್ಲ.

ನಗರದ ವೈದ್ಯಕೀಯ ಶಿಬಿರದಲ್ಲಿ ಅವನಿಗೆ ಏಳು ಹೊಲಿಗೆ ಹಾಕಿದರು. ಆ ಕೈಯಿಂದ ಸೈಕಲ್ ಹಿಡಿಯುವಂತಿರಲಿಲ್ಲ. ಸೈಕಲ್ ಇಲ್ಲದವನಿಗೆ ಆ ಊರು ಎಷ್ಟು ದೊಡ್ಡದು ಎಂಬುದು ಹೋದವರಿಗೇ ಗೊತ್ತು. ಬಯಲಿನ ಆಳದಲ್ಲಿ ನಿಲ್ಲಿಸಿದ್ದ ಕಲಾಕೃತಿಗಳನ್ನು ನೋಡಲೆಂದೇ ಒಂದು ವರ್ಷ ಹಣ ಕೂಡಿಟ್ಟವನು ಅವುಗಳಲ್ಲಿ ಹೆಚ್ಚಿನವನ್ನು ನೋಡಲಿಲ್ಲ. ಉತ್ಸವಕ್ಕೆಂದು ಮರದಿಂದ ಕಟ್ಟಿ ಕೊನೆಗೆ ಸುಟ್ಟುಬಿಡುವ ರಚನೆಯೊಂದನ್ನು ಅಲ್ಲಿ ದೇಗುಲ ಎನ್ನುತ್ತಾರೆ; ಆ ವರ್ಷದ್ದು ವಾಸ್ತುಶಿಲ್ಪಿ ಆರ್ಥರ್ ಮಾಮು-ಮಾನಿ ವಿನ್ಯಾಸಗೊಳಿಸಿದ್ದ ಗ್ಯಾಲಾಕ್ಸಿಯಾ. ಸುರುಳಿಯಾಗಿ ಆಕಾಶಕ್ಕೇರುವ ಅದರ ಮರದ ತೊಲೆಗಳ ಕೆಳಗೆ ಅವನು ಒಂದೇ ಒಂದು ಸಲ, ನಡೆದುಕೊಂಡು ಹೋಗಿ ನಿಂತ. ನಾನು ಸೈಕಲ್ಲಿನಲ್ಲಿ ಬೇಕಾದಾಗೆಲ್ಲ ಹೋಗಿ ಬಂದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಸಂಜೆ ನೆರೆಯ ಶಿಬಿರದ ಮಹಿಳೆಯೊಬ್ಬರು ನಮ್ಮ ಮುರಿದ ಚೌಕಟ್ಟನ್ನು ಎಳೆದು ತಂದರು, ಒಂದು ಮಾತೂ ಬೈಯಲಿಲ್ಲ. ನಾನು ಕೊನೆಗೂ ಕಾರಿನ ತಳದಿಂದ ತೆಗೆದ ಡ್ರೈವರನ್ನು ಕೈಗೆ ತೆಗೆದುಕೊಂಡು ಮಂಡಿಯೂರಿದರು. ಸ್ಕ್ರೂವಿಗೆ ಒಂದು ವಾಷರ್, ಅದರಡಿಯಲ್ಲಿ ಸರಪಳಿಯ ಮೂರು ಕೊಂಡಿ ಪೋಣಿಸಿ, ನೆಟ್ಟಗೆ ಹಿಡಿದು ಗುಂಡಿ ಒತ್ತಿದರು. ಹತ್ತು ಸೆಕೆಂಡಿನಲ್ಲಿ ಅದರ ತಲೆ ನೆಲಕ್ಕೆ ಸಮವಾಗಿ ಕೂತಿತು. ಕೊಂಡಿಗೆ ಹಗ್ಗ ಕಟ್ಟಿ ಎಳೆದು ನೋಡಲು ಹೇಳಿದರು. ನನ್ನ ಇಡೀ ಮೈಭಾರ ಹಾಕಿದರೂ ಅದು ಅಲುಗಲಿಲ್ಲ. ಹಿಂದಿನ ರಾತ್ರಿ ನಾನು ಉಳಿಸಿಕೊಂಡ ಶ್ರಮ ಇಪ್ಪತ್ತು ನಿಮಿಷದ್ದಾಗಿತ್ತು.

ಇನ್ನು ನಿಮ್ಮ ಪ್ರಶ್ನೆಗೆ. ದ್ವಾರ ತೆರೆದ ರಾತ್ರಿ ಹೋಗಬೇಡಿ. ಒಳ್ಳೆಯ ಜಾಗ ಹಿಡಿಯುವ ಮಾತಿನಲ್ಲಿ ಹುರುಳಿಲ್ಲ. ಊರು ಗಡಿಯಾರದ ಮುಖದಂತೆ ಎರಡು ಗಂಟೆಯಿಂದ ಹತ್ತು ಗಂಟೆಯವರೆಗೆ ಕಮಾನಾಗಿ ಹರಡಿರುತ್ತದೆ, ಎಲ್ಲಕ್ಕಿಂತ ಒಳಗಿನ ಬೀದಿ ಎಸ್ಪ್ಲನೇಡ್, ಹೊರಕ್ಕೆ ಹೋದಂತೆ ಬೀದಿಗಳ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಒಳಬೀದಿಗಳ ಬಹುಪಾಲು ಜಾಗ ಮೊದಲೇ ಹಂಚಿಕೆಯಾಗಿರುತ್ತದೆ, ನಿಮಗೆ ಹೇಗಿದ್ದರೂ ಸಿಗುವುದು ಹೊರಬೀದಿಗಳೇ. ಅಲ್ಲಿ ಮಂಗಳವಾರವೂ ಜಾಗ ಇರುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಬೆಳಿಗ್ಗೆ ಜಾಗ ತಲುಪುವ ಹಾಗೆ ಹೊರಡಿ; ಗಾಳಿ ಏಳುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಸಾಲು ಲಂಬಿಸಿ ಕತ್ತಲಾದರೆ ಏನನ್ನೂ ಎತ್ತಬೇಡಿ, ಕಾರಿನ ಆಸನದಲ್ಲೇ ಮಲಗಿ.

ಡೇರೆಯೋ ಆರ್‌ವಿಯೋ ಎನ್ನುವುದನ್ನು ನಿಮ್ಮ ಹಣ ತೀರ್ಮಾನಿಸಲಿ. ಹಲವು ಬಾಡಿಗೆ ಕಂಪನಿಗಳು ಈ ಉತ್ಸವಕ್ಕೆ ವಾಹನ ಒಯ್ಯಲು ಒಪ್ಪುವುದಿಲ್ಲ, ಒಪ್ಪುವವರು ಧೂಳು ತೆಗೆಯುವ ಶುಲ್ಕ ಕೇಳುತ್ತಾರೆ. ಆರ್‌ವಿ ಇದ್ದರೂ ನೀವು ಹೊರಗೆ ನೆರಳು ಕಟ್ಟುತ್ತೀರಿ, ಕಟ್ಟಿದ್ದನ್ನು ಗಾಳಿ ಎಳೆಯುತ್ತದೆ. 2023ರ ಸೆಪ್ಟೆಂಬರ್ ಆರಂಭದಲ್ಲಿ ಮಳೆ ಬಂದು ದ್ವಾರ ಮುಚ್ಚಿದಾಗ ಕೆಸರು ಆರ್‌ವಿಗಳನ್ನೂ ಬಿಡಲಿಲ್ಲ. ನಿಮ್ಮ ಬಳಿ ಈಗಾಗಲೇ ಒಂದು ಡೇರೆ ಇದ್ದರೆ ಅದೇ ಸಾಕು; ಉಳಿದ ಹಣಕ್ಕೆ ಡ್ರೈವರ್, ಎರಡು ಬ್ಯಾಟರಿ, ಇಪ್ಪತ್ತು ಸ್ಕ್ರೂ ಮತ್ತು ಒಳ್ಳೆಯ ಹಗ್ಗ ಕೊಳ್ಳಿ. ಊರೊಳಗೆ ಮಂಜುಗಡ್ಡೆ ಕೊಳ್ಳಬಹುದು, ಹಗ್ಗ ಮಾರುವ ಅಂಗಡಿ ಇಲ್ಲ.

ಕಾರಿಗೆ ತುಂಬುವಾಗ ಡ್ರೈವರ್, ಸ್ಕ್ರೂ, ಹಗ್ಗ ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗಿ, ಎಲ್ಲಕ್ಕಿಂತ ಮೊದಲು ಹೊರಗೆ ಬರಬೇಕು. ಜಾಗ ತಲುಪಿದ ಮೇಲೆ ಕಾರನ್ನು ಗಾಳಿಗೆ ಅಡ್ಡವಾಗಿ, ನೈರುತ್ಯದ ಕಡೆಗೆ ನಿಲ್ಲಿಸಿ. ಡೇರೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿರುವಾಗಲೇ ನಾಲ್ಕು ಮೂಲೆಗಳನ್ನು ಸ್ಕ್ರೂಗಳಿಗೆ ಕಟ್ಟಿ, ಆಮೇಲೆ ಕೋಲು ಸೇರಿಸಿ ಎತ್ತಿ. ಚಪ್ಪರದ ಒಂದೊಂದು ಮೂಲೆಯಿಂದ ಎರಡು ದಿಕ್ಕಿಗೆ ಎರಡು ಹಗ್ಗ, ನೆಲಕ್ಕೆ ಅರ್ಧ ಲಂಬಕೋನದಲ್ಲಿ. ಚಪ್ಪರ ಎಷ್ಟು ತಗ್ಗಿದ್ದರೆ ಅಷ್ಟು ಕ್ಷೇಮ. ಕಬ್ಬಿಣದ ಸರಳನ್ನು ಗೂಟವಾಗಿ ಬಳಸುವವರಿದ್ದರೆ ಅದರ ತುದಿಯನ್ನು ಬಗ್ಗಿಸಲಿ ಇಲ್ಲವೇ ಮುಚ್ಚಲಿ, ರಾತ್ರಿ ಎಡವಿದವರ ಕಾಲು ಅದರ ಮೇಲೆ ಬೀಳುತ್ತದೆ. ಕುಡಿಯುವ ನೀರನ್ನು ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್‌ನಂತೆ ಒಯ್ಯಿರಿ, ಅದನ್ನು ನೆರಳಿನಲ್ಲಿಡಿ, ಯಾವುದಕ್ಕೂ ಕಟ್ಟಬೇಡಿ.

ಅಗ್ಗದ ನೀಲಿ ಟಾರ್ಪಾಲಿನ್ ತರಲೇಬೇಡಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಚಪ್ಪರದ ಬದಿಗೆ ಅದನ್ನೇ ಕಟ್ಟಿದ್ದೆವು. ಗಾಳಿಗೆ ಅದು ಎಳೆ ಎಳೆಯಾಗಿ ಬಿಚ್ಚಿ ಅಕ್ಕಪಕ್ಕದ ಶಿಬಿರಗಳಿಗೆಲ್ಲ ಹರಡಿತು. ಸ್ಥಳಕ್ಕೆ ಸೇರದ ಇಂಥ ವಸ್ತುವನ್ನು ಅಲ್ಲಿ ಮೂಪ್ ಎನ್ನುತ್ತಾರೆ. ಉತ್ಸವ ಮುಗಿದ ಮೇಲೆ ಸರ್ಕಾರದ ಭೂ ಇಲಾಖೆ ನೆಲವನ್ನು ಪರೀಕ್ಷಿಸುತ್ತದೆ, ಎಕರೆಗೆ ಒಂದು ಚದರ ಅಡಿಗಿಂತ ಹೆಚ್ಚು ಕಸ ಉಳಿಯುವಂತಿಲ್ಲ. ಹೊರಡುವ ದಿನ ನಾನು ಮತ್ತು ಗೆಳೆಯ, ಅವನು ಒಂದೇ ಕೈಯಲ್ಲಿ, ಮೂರು ಗಂಟೆ ಕಾಲ ಬಾಗಿ ಆ ನೀಲಿ ಎಳೆಗಳನ್ನು ಆಯ್ದೆವು. ಆಮೇಲೆ ಡ್ರೈವರನ್ನು ಹಿಂದಕ್ಕೆ ತಿರುಗಿಸಿ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸುತ್ತಾ ತೆಗೆದೆವು. ಹಾಕಿದ್ದು ಹದಿನಾರು, ಹದಿನಾರೂ ಪೆಟ್ಟಿಗೆ ಸೇರಿದವು, ಪೆಟ್ಟಿಗೆಯನ್ನು ಗೆಳೆಯನೇ ಹಾಸಿಗೆಗಳ ಮೇಲೆ, ಬಾಗಿಲಿನ ಪಕ್ಕದಲ್ಲಿಟ್ಟ.